ಎಡಗೈಯ ಹಳದಿ ಉಗುರುಗಳು

ಟಪ್. ಸ್ವಲ್ಪ ಬಿಡುವು. ಟಪ್.

ರಾತ್ರಿ ಹನ್ನೊಂದು ದಾಟಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಅವನು ಅಂಗಾತ ಮಲಗಿ, ಚೆಂಡನ್ನು ಮೇಲಕ್ಕೆಸೆದು ಗ್ಲೌಸಿನಲ್ಲಿ ಹಿಡಿಯುತ್ತಿದ್ದ. ನಾಲ್ಕು ತಿಂಗಳಿಂದ ಆ ಸದ್ದು ಕೇಳಿಯೇ ನನಗೆ ನಿದ್ದೆ ಹತ್ತುತ್ತಿತ್ತು. ಆ ರಾತ್ರಿ ಮಾತ್ರ ಚೆಂಡು ನೆಲಕ್ಕೆ ಬಿದ್ದು ಉರುಳಿತು. ಎರಡು ನಿಮಿಷಕ್ಕೆ ಮತ್ತೆ ಬಿತ್ತು.

ನಾನು ಎದ್ದು ಕುಳಿತೆ.

ನಾವಿದ್ದ ಪರದೇಶದಲ್ಲಿ ಬೇಸ್‌ಬಾಲ್ ಲೀಗ್ ಶುರುವಾಗಿ ಅದು ಮೊದಲ ವರ್ಷ. ಊರಲ್ಲಿ ವಿಕೆಟ್‌ಕೀಪರ್ ಆಗಿದ್ದ ಅವನು ಇಲ್ಲಿ ನಮ್ಮ ತಂಡದ ಕ್ಯಾಚರ್. ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು. ನಾನು ತಂಡದ ಫಿಸಿಯೋ. ಇಡೀ ತಂಡದಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ.

ಅಂದು ಸಂಜೆ ಬ್ಯಾಟಿನ ಅಂಚು ಸವರಿದ ಚೆಂಡೊಂದು ನೇರವಾಗಿ ಅವನ ಮಾಸ್ಕಿಗೆ ಬಡಿದಿತ್ತು. ತಲೆಗೆ ಏಟು ಬಿದ್ದವರಿಗೆ ಒಂದು ಪರೀಕ್ಷೆ ಇದೆ. ನಾನು ಐದು ಪದ ಹೇಳುತ್ತೇನೆ, ಐದು ನಿಮಿಷ ಬಿಟ್ಟು ಅವರು ತಿರುಗಿ ಹೇಳಬೇಕು. ಅದನ್ನು ಲೀಗಿನ ಮೊದಲ ದಿನದ ಅಂಕಕ್ಕೆ ಹೋಲಿಸಿ ನೋಡುತ್ತೇವೆ. ಮೊದಲ ದಿನ ಅವನು ಹೇಳಿದ್ದು ಎರಡೇ ಪದ. ಆಗ ಅವನು ಬೆಣ್ಣೆ ಕದ್ದ ಬೆಕ್ಕಿನ ಹಾಗೆ ನಕ್ಕದ್ದು ನನಗೆ ನೆನಪಿತ್ತು. ಸಂಜೆಯೂ ಎರಡೇ ಹೇಳಿದ. ಅಂಕ ಇಳಿದಿಲ್ಲ, ಆಡಬಹುದು ಎಂದು ಸಹಿ ಹಾಕಿದ್ದೆ.

ಮರುದಿನ ಫೈನಲ್. ಮುಂದಿನ ವರ್ಷಕ್ಕೆ ಆಟಗಾರರನ್ನು ಆರಿಸುವವರು ನೋಡಲು ಬರುವವರಿದ್ದರು. ಅವನಿಗೆ ಮೂವತ್ತೆರಡು.

ಬೆಳಿಗ್ಗೆ ಎಂದಿನಂತೆ ನನ್ನ ಕೋಣೆಗೆ ಬಂದು ಎದುರು ಕೂತ. ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ, ಎಂಥ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಗುಟ್ಟಾಗಿ ತಿಳಿಸುತ್ತಾನೆ. ದೂರಕ್ಕೆ ಕಾಣಲೆಂದು ಪ್ರತಿ ಪಂದ್ಯಕ್ಕೂ ಅವನ ಬಲಗೈ ಉಗುರುಗಳಿಗೆ ಹಳದಿ ನೇಲ್ ಪಾಲಿಷ್ ಹಚ್ಚುವುದು ನನ್ನ ಕೆಲಸ. ಅದು ಯಾವಾಗ ನನ್ನ ಕೆಲಸವಾಯಿತೋ ಇಬ್ಬರಿಗೂ ತಿಳಿಯದು.

"ಅಕ್ಕನಿಗೆ ಈ ಉಗುರಿನ ಫೋಟೋ ಕಳ್ಸಿದ್ದೆ ಡಾಕ್ಟ್ರೇ," ಅಂದ. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಸುಸ್ತಾಗಿದ್ದೆ. "ನಿಂಗೆ ಹೆಣ್ಣು ನೋಡ್ಲಾ, ಗಂಡು ನೋಡ್ಲಾ ಅಂತ ಕೇಳಿದ್ಲು."

"ನೀವೇನಂದ್ರಿ?"

"ನೋಡೋ ಕೆಲ್ಸ ನಂಗೇ ಬಿಡು ಅಂದೆ."

ನನ್ನನ್ನೇ ನೋಡಿದ. ನಾನು ತಲೆ ತಗ್ಗಿಸಿ ಅವನು ಚಾಚಿದ ಕೈ ಹಿಡಿದೆ. ಹೆಬ್ಬೆರಳು, ತೋರುಬೆರಳು. ಅವನಿಗೆ ಗೊತ್ತಾಗಲಿ ಎಂದು ಕಾಯುತ್ತ ನಿಧಾನವಾಗಿ ಹಚ್ಚಿದೆ. ಕಿರುಬೆರಳೂ ಮುಗಿಯಿತು. ಅವನಿಗೆ ಗೊತ್ತಾಗಲಿಲ್ಲ.

"ಇದು ಯಾವ ಕೈ?"

ಅವನು ಕೆಳಗೆ ನೋಡಿದ. "ಎಡಗೈ," ಎಂದ. ಆಮೇಲೆ ತೀರ ಮೆಲ್ಲಗೆ, "ಗ್ಲೌಸ್ ಹಾಕೋ ಕೈ."

ನಾನು ಪಾಲಿಷ್ ಬಾಟಲಿ ಮುಚ್ಚಿ ಪಕ್ಕಕ್ಕಿಟ್ಟೆ.

"ನಿನ್ನೆ ಕೇಳಿದ ಐದು ಪದ ಹೇಳಿ."

"ಕಿಟಕಿ, ಉಪ್ಪು, ಏಣಿ, ಗಿಳಿ, ದಾರ."

"ನಿನ್ನೆ ಎರಡೇ ಹೇಳಿದ್ರಲ್ಲ?"

"ಮೊದಲನೇ ದಿನಾನೂ ಎರಡೇ ಅಲ್ವಾ ಹೇಳಿದ್ದು. ಶುರುವಲ್ಲಿ ಕಮ್ಮಿ ಹೇಳು, ಆಮೇಲೆ ಸಿಕ್ಕಿಬೀಳಲ್ಲ ಅಂತ ಹುಡುಗ್ರು ಹೇಳ್ಕೊಟ್ಟಿದ್ರು."

"ಏಟು ಬಿದ್ದ ಮೇಲೂ ಐದೂ ನೆನಪಿತ್ತಾ?"

"ನಿನ್ನೆ ನೀವು ಹೇಳಿದ್ದು ಕೇಳಿಸ್ಲೇ ಇಲ್ಲ. ಕಿವಿಯಲ್ಲಿ ಬರೀ ಗುಂಯ್ ಅಂತಿತ್ತು. ನಿಮ್ಮ ತುಟಿ ನೋಡಿ ಅದೇ ಐದು ಅಂದ್ಕೊಂಡೆ."

ಅದೇ ಐದು ಆಗಿತ್ತು. ಬೇರೆಯವರಿಗೆ ಆರಾರು ಪಟ್ಟಿಗಳಿವೆ. ಕನ್ನಡದಲ್ಲಿ, ಅವನೊಬ್ಬನಿಗಾಗಿ, ನಾನು ಮಾಡಿಕೊಂಡದ್ದು ಒಂದೇ ಪಟ್ಟಿ.

"ಮೂರು ವಾರ ಇಲ್ಲಿ ಯಾರ ಬಾಯಲ್ಲೂ ಕನ್ನಡ ಕೇಳಿರ್ಲಿಲ್ಲ," ಅಂದ. "ಈ ಬಾಗಿಲು ತೆಗೆದು ಬಂದ್ರೆ ನೀವು ಕೂತಿದ್ರಿ. ಕಿಟಕಿ ಅಂದ್ರಿ. ಉಪ್ಪು ಅಂದ್ರಿ. ಅವನ್ನ ಹೇಗೆ ಮರೆಯೋದು? ರಾತ್ರಿ ಚೆಂಡು ಹಿಡಿಯೋವಾಗ ಒಂದೊಂದು ಸಲಕ್ಕೆ ಒಂದೊಂದು ಹೇಳ್ಕೊತೀನಿ. ಐದಾದ್ರೆ ಮತ್ತೆ ಮೊದಲಿಂದ."

ಗೋಡೆಯ ಈಚೆ ನಾಲ್ಕು ತಿಂಗಳು ನಾನು ಕೇಳಿಸಿಕೊಂಡದ್ದು ಅದನ್ನು.

ಹೊಸದಾಗಿ ಐದು ಪದ ಹೇಳಿದೆ. ದೀಪ, ಗರಗಸ, ಹಾಲು, ಸೇತುವೆ, ಬೆಕ್ಕು. ಐದು ನಿಮಿಷ ಇಬ್ಬರೂ ಗಡಿಯಾರ ನೋಡುತ್ತ ಕೂತೆವು.

"ಹಾಲು," ಎಂದ. ಹುಡುಕಿದ. "ಕಿಟಕಿ."

ನಾನು ಪೆನ್ನು ತೆಗೆದುಕೊಂಡೆ. ಅವನು ಅದರ ಮೇಲೆ ಕೈಯಿಟ್ಟ. ಪಾಲಿಷ್ ಇನ್ನೂ ಒಣಗಿರಲಿಲ್ಲ, ಹಾಳೆಗೆ ಹಳದಿ ತಾಗಿತು.

"ಇದೊಂದು ದಿನ ಬಿಟ್ಬಿಡಿ. ಈ ವಯಸ್ಸಲ್ಲಿ ಮತ್ತೆ ಯಾರು ಕರೀತಾರೆ?"

"ಇನ್ನೊಂದು ಏಟು ಬಿದ್ರೆ ಏನು ಉಳಿಯುತ್ತೆ ಅಂತ ನಂಗೆ ಗೊತ್ತಿಲ್ಲ. ಕಿಟಕಿಯೂ ಹೋಗಬಹುದು."

"ಉಪ್ಪು?"

"ಅದೂ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ಬರಿ," ಎಂದ. ಮೊದಲ ಸಲ ಬಹುವಚನ ಬಿಟ್ಟಿದ್ದ. ಪೆನ್ನಿನ ಮೇಲಿನ ಕೈ ತೆಗೆದ, ಆದರೆ ದೂರಕ್ಕೆ ಒಯ್ಯಲಿಲ್ಲ. ನನ್ನ ಎಡಗೈಯಿಂದ ಆ ಕೈ ಹಿಡಿದುಕೊಂಡೇ, ಅವನು ಆಡುವಂತಿಲ್ಲ ಎಂದು ಬರೆದೆ.

ಒಂದೇ ಪಟ್ಟಿಯನ್ನು ಎರಡು ಸಲ ಬಳಸಿದ ನನ್ನ ತಪ್ಪನ್ನೂ ಬರೆದೆ. ನನ್ನ ಕೆಲಸಕ್ಕೆ ಅದರಿಂದ ಸಂಚಕಾರ ಬಂದರೆ ಬರಲಿ.

ಅವನ ಬದಲಿಗೆ ಇಳಿಯಬೇಕಾದ ಕ್ಯಾಚರ್‌ಗೆ ಪಾಲಿಷ್ ಹಚ್ಚಿದ್ದು ಅವನೇ, ಒಂದೊಂದೇ ಉಗುರಿಗೆ, ನನಗಿಂತ ಅಚ್ಚುಕಟ್ಟಾಗಿ. ಪಂದ್ಯದುದ್ದಕ್ಕೂ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತ. ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ತಲೆಯ ಮೇಲೆ ಟವೆಲ್ ಹೊದ್ದಿದ್ದ. ಆರಿಸಲು ಬಂದವರು ಎದುರಿನ ಸಾಲಿನಲ್ಲಿ ಕೂತು ಬೇರೆಯವರ ಹೆಸರು ಬರೆದುಕೊಂಡರು. ಅವನು ಅತ್ತ ನೋಡಲಿಲ್ಲ.

ನಾವು ಸೋತೆವು.

ಸಾಮಾನು ಕಟ್ಟುವಾಗ ಕೋಚ್ ಬಂದು ನಿಂತರು. ವರದಿ ಅವರ ಕೈಯಲ್ಲಿತ್ತು. ಇಂಗ್ಲಿಷಿನಲ್ಲಿ ಕೇಳಿದರು.

"ಹೊಸ ಪದ ಒಂದಕ್ಕಿಂತ ಹೆಚ್ಚು ಹೇಳೋಕಾಗದವನು ಹಳೆಯ ಐದನ್ನ ನಾಲ್ಕು ತಿಂಗಳು ಹೇಗಮ್ಮ ನೆನಪಿಟ್ಟುಕೊಂಡ? ಮತ್ತೆ ಅದೇನು, ಬಣ್ಣ ಎಡಗೈಗೆ?"

ಅವನು ನನ್ನನ್ನು ನೋಡಿದ. ಟವೆಲ್ಲಿನ ನೆರಳಲ್ಲಿ ಆ ಐದು ಉಗುರುಗಳು ಮೆಲ್ಲನೆ ಮುಷ್ಟಿಯೊಳಗೆ ಮಡಚಿಕೊಂಡವು.

ಆಟಕ್ಕೆ ಸೇರಿದ್ದೆಲ್ಲ ಆ ಹಾಳೆಯಲ್ಲಿತ್ತು. ಉಳಿದದ್ದು ನಮ್ಮಿಬ್ಬರದು, ಅದು ಕೋಚ್‌ಗೂ ಬೇಡ, ಅವನ ಅಕ್ಕನಿಗೂ ಬೇಡ, ನನ್ನ ಅಮ್ಮನಿಗೂ ಬೇಡ.

"ಗೊತ್ತಿಲ್ಲ ಸರ್," ಎಂದೆ.