ಹನ್ನೊಂದು ನಿಮಿಷದ ಚುಕ್ಕಿ

"ಅಣ್ಣಾ, ಅಳಿಸಬ್ಯಾಡ! ಅದು ನಾ ಬರದದ್ದು!"

ನಾಗವ್ವ ಕೂಗುವಷ್ಟರಲ್ಲಿ ಸಿದ್ದಲಿಂಗಪ್ಪನ ರಬ್ಬರು ಕೆಲಸ ಮುಗಿಸಿತ್ತು. ಗ್ರಾಫಿನ ಹಾಳೆಯಲ್ಲಿ ಹನ್ನೊಂದು ಇದ್ದ ಜಾಗದಲ್ಲಿ ಅವನು ಏಳು ಎಂದು ಬರೆದ.

ಗ್ರಾಂಟ್ ರೋಡಿನ ಆ ಸಾಲುಖೋಲಿಗಳ ಚಾಳಿಗೆ ಬೆಳಗಿನ ಐದಕ್ಕೆ ನೀರು ಬರುತ್ತಿತ್ತು. ಮೇಲೇರುತ್ತ ಅದರ ಜೋರು ಎಷ್ಟು ತಗ್ಗುತ್ತದೆ ಎಂದು ಅಳೆಯಲು ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹೊರಟಿದ್ದರು: ಸಿದ್ದಲಿಂಗಪ್ಪ ಮತ್ತು ಕೆಳಗಿನ ಖೋಲಿಯ ಉಡುಪಿ ಹುಡುಗ ರಮಾನಾಥ. ರಮಾನಾಥ ಕೆಳಗೆ ತಟ್ಟೆ ಬಡಿದ ಕೂಡಲೇ ಮಾಳಿಗೆಗೊಂದರಂತೆ ಇದ್ದ ಮೂರು ನಲ್ಲಿಗಳಿಗೆ ಮೂರು ಡಬ್ಬಿ ಇಡಬೇಕು; ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಬರೆಯಬೇಕು. ನಡುವಿನ ಮಾಳಿಗೆ ಸಿದ್ದಲಿಂಗಪ್ಪನದು. ಮೇಲಿನ ಮಾಳಿಗೆಯಲ್ಲಿ, ಅಪ್ಪನ ಅಲಾರಂ ಗಡಿಯಾರ ಹಿಡಿದು, ತಂಗಿ ನಾಗವ್ವ. ಹನ್ನೆರಡು ದಿನಗಳಲ್ಲಿ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

"ಉಳಿದ ದಿನ ಎಲ್ಲಾ ಆರು, ಏಳು. ಸೋಮವಾರ ಒಂದಽ ಹನ್ನೊಂದು ಹ್ಯಾಂಗ ಆಗ್ತದ? ನಿದ್ದಿಗಣ್ಣಾಗ ನೋಡಿರ್ತಿ," ಎಂದ ಸಿದ್ದಲಿಂಗಪ್ಪ.

"ಎಚ್ಚರ ಇದ್ದೆ ನಾ!"

"ಆ ಚುಕ್ಕಿ ಗ್ರಾಫಿನಲ್ಲಿ ಗಾಳಿಪಟದ ಹಾಗೆ ಹಾರ್ತಾ ಉಂಟು ಮಾರಾಯ್ತಿ," ರಮಾನಾಥ ನಕ್ಕ. "ಪ್ರೊಫೆಸರ್ ನೋಡಿದರೆ ನಮ್ಮನ್ನೂ ಹಾರಿಸ್ತಾರೆ."

"ಇವತ್ತು ಸಂಜಿಗೆ ಒಪ್ಪಿಸಬೇಕು. ನೀ ಸಾಲಿಗೆ ನಡಿ."

ಶಾಲೆಯಲ್ಲಿ ನಾಗವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. "ಗಡಿಯಾರ ಏನ್ ತೋರಸ್ತದ, ಅದನ್ನಽ ಬರಿ," ಎಂದು ಮೊದಲ ದಿನ ಹೇಳಿದವನು ಯಾರು? ಅಣ್ಣನೇ ಅಲ್ಲವೆ? ಈಗ ಯಾರೂ ನೋಡದ ಏಳನ್ನು ಎಲ್ಲಿಂದ ತಂದ?

ತಾನು ಎಚ್ಚರವಿದ್ದೆ ಎಂದು ತೋರಿಸಲೇಬೇಕು. ಅವಳು ಸೋಮವಾರವನ್ನು ಒಂದೊಂದಾಗಿ ನೆನೆದಳು. ತಟ್ಟೆಯ ಸದ್ದು. ಡಬ್ಬಿ ಇಟ್ಟದ್ದು. ಆಮೇಲೆ ಒದ್ದೆ ಸೀರೆಯಲ್ಲಿ ಬಂದ ಪಕ್ಕದ ಖೋಲಿಯ ಮುದುಕಿ ಬಸಲಿಂಗವ್ವ. "ಅತ್ತ ಸರಿ ತಂಗಿ, ಪೂಜಿ ನೀರು."

ನಲ್ಲಿಯ ಕೆಳಗೆ ಯಾರ ಪಾತ್ರೆಯೇ ಇರಲಿ, ಪೂಜೆಯ ನೀರಿಗೆ ಜಾಗ ಬಿಡುವುದು ಆ ಚಾಳಿನ ರೂಢಿ. ನಾಗವ್ವ ಡಬ್ಬಿ ಸರಿಸಿದ್ದಳು. ಬಸಲಿಂಗವ್ವ ಒಂದು ತಂಬಿಗೆ ತುಂಬಿಸಿಕೊಂಡು, ಜೊತೆಗೆ ಒಂದು ಕೊಡವನ್ನೂ ತುಂಬಿಸಿಕೊಂಡಿದ್ದಳು. ಗಡಿಯಾರ ಮಾತ್ರ ಯಾರಿಗಾಗಿಯೂ ಕಾಯದೆ ಓಡುತ್ತಲೇ ಇತ್ತು.

ಹಾಗಾದರೆ ಹನ್ನೊಂದರಲ್ಲಿ ಮುದುಕಿಯ ಹೊತ್ತೂ ಸೇರಿತ್ತು. ಹೇಳಿದರೆ ಅಣ್ಣ ಗೆದ್ದ ಹಾಗೆ. ಹೇಳದಿದ್ದರೆ?

ಗಂಟೆ ಬಾರಿಸಿದ್ದೇ ಅವಳು ಓಡಿದಳು. ಗ್ರಾಫು ಸುತ್ತಿ ಹಿಡಿದು ಅಣ್ಣನೂ ರಮಾನಾಥನೂ ಚಾಳಿನ ಮೆಟ್ಟಿಲು ಇಳಿಯುತ್ತಿದ್ದರು. ಏದುಸಿರು ಬಿಡುತ್ತಲೇ ತಂಬಿಗೆ, ಕೊಡ ಎಲ್ಲವನ್ನೂ ಹೇಳಿದಳು.

"ನೋಡಿದೇನ? ನಾ ಅಳಿಸಿದ್ದು ಛಲೋ ಆತು!"

"ನಂದು ತಪ್ಪು ಆತು. ಆದ್ರ ಏಳು ಯಾರು ನೋಡ್ಯಾರ, ಅಣ್ಣಾ? ನೀ ನೋಡಿದಿ?"

ಸಿದ್ದಲಿಂಗಪ್ಪ ಸುತ್ತಿದ ಗ್ರಾಫನ್ನು ರಮಾನಾಥನ ಕೈಗಿಟ್ಟ.

"ಟ್ರಾಮ್ ಹೋಯ್ತು," ಎಂದ ರಮಾನಾಥ ಬೀದಿಯತ್ತ ನೋಡಿ. ಬಳಿಕ ಮೆಟ್ಟಿಲ ಮೇಲೆಯೇ ಕೂತು ಗ್ರಾಫು ಬಿಚ್ಚಿದ. "ರಬ್ಬರು ಕೊಡು ಮಾರಾಯ. ನಾನೂ ಬೆಳಗ್ಗೆ ನಕ್ಕವನೇ."

ಏಳು ಅಳಿಯಿತು. ಎರಡು ಸಲ ಉಜ್ಜಿದ ಜಾಗದಲ್ಲಿ ಕಾಗದ ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆಯ ಬೀದಿ ಮಸುಕಾಗಿ ಕಾಣುತ್ತಿತ್ತು. ಸಿದ್ದಲಿಂಗಪ್ಪ ಪೆನ್ಸಿಲನ್ನು ತಂಗಿಯ ಕೈಗೆ ಕೊಟ್ಟ. "ಹಗೂರಕ ಬರಿ. ಹರೀತದ."

ನಾಗವ್ವ ಹನ್ನೊಂದು ಎಂದು ಬರೆದಳು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ನಡುವೆ ಒಂದು ತಂಬಿಗೆ, ಒಂದು ಕೊಡ ಎಂದೂ ಬರೆದಳು.

ಪ್ರೊಫೆಸರ್ ಆ ಅಂಚನ್ನು ಬಹಳ ಹೊತ್ತು ನೋಡಿದರಂತೆ. "ಮಿಕ್ಕ ದಿನಗಳಲ್ಲಿ ಯಾರೂ ನಡುವೆ ಬರಲಿಲ್ಲವೆ?" ಎಂದು ಕೇಳಿದರಂತೆ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಇನ್ನೊಂದು ವಾರ ಅಳೆಯಬೇಕಾಯಿತು.

ಮರುದಿನ ತಟ್ಟೆ ಬಡಿದು ಎರಡು ನಿಮಿಷವಾಗಿರಬಹುದು, ಬಸಲಿಂಗವ್ವ ಬಂದಳು.

"ಅತ್ತ ಸರಿ ತಂಗಿ."

"ತುಂಬಿಸಿಕೋರಿ ಆಯಿ," ಎಂದು ನಾಗವ್ವ ಡಬ್ಬಿ ಸರಿಸಿದಳು, ಗಡಿಯಾರ ನೋಡಿದಳು. ಮುದುಕಿ ಹೋದ ಮೇಲೆ ಡಬ್ಬಿ ಇಟ್ಟು ಮತ್ತೊಮ್ಮೆ ನೋಡಿದಳು.

"ಎಷ್ಟಾತು?" ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಅಣ್ಣ ಕೂಗಿದ.

"ತಡಿ ಅಣ್ಣಾ," ಎಂದಳು ನಾಗವ್ವ, ತಲೆ ಎತ್ತದೆ. "ಎರಡು ಅಂಕಿ ಅದಾವ. ಡಬ್ಬಿದೊಂದು, ಆಯಿದೊಂದು."