ಸೊನ್ನೆ ಮಾಡದ ಟ್ರಿಪ್ ಮೀಟರ್

ಕಾರು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅವಳಿಗೆ ಗೊತ್ತಿತ್ತು, ಅನ್ನಿಸಲಿಲ್ಲ ಅಷ್ಟೇ.

ಅವಳು ವಾಹನ ಪತ್ರಿಕೆಯೊಂದರ ಪರೀಕ್ಷಕಿ. ಈ ಸಲ ಕೈಗೆ ಬಂದದ್ದು ಬೀದಿಗೆ ಹತ್ತು ಕಾಣಿಸುವ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಐದು ದಿನ ಆಫೀಸಿಗೆ, ಮಾರ್ಕೆಟ್ಟಿಗೆ, ಅಕ್ಕನ ಮನೆಗೆ ಓಡಿಸಬೇಕು. ಫಾರ್ಮಿನಲ್ಲಿ ಬರೆದಳು: ಕ್ಲಚ್ ಹಗುರ. ಏರಿನಲ್ಲಿ ಏದುಸಿರು. ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್, ಮೂರನೆಯದು ಮಡಿಲಲ್ಲಿ. ‘ಓಡಿಸುವಾಗ ಏನನ್ನಿಸಿತು?’ ಎಂಬ ಕೊನೆಯ ಕಾಲಂ ಮಾತ್ರ ಖಾಲಿ. ಗಂಡ ತೀರಿಕೊಂಡು ಎರಡು ವರ್ಷ; ಅಂದಿನಿಂದ ಅದು ಖಾಲಿಯೇ. ಈ ಸಲವೂ ಹಾಗೇ ಬಂದರೆ ಕಾರು ಬಿಡಿಸಿ ಮೇಜಿನ ಕೆಲಸಕ್ಕೆ ಕೂರಿಸುತ್ತೇನೆ ಎಂದು ಸಂಪಾದಕರು ಖಡಾಖಂಡಿತವಾಗಿ ಹೇಳಿದ್ದರು.

“ಕಾರು ಹೇಗಿದೆ?” ಅಕ್ಕ ಕೇಳಿದ್ದಳು.

“ಓಡತ್ತೆ.”

“ನೀನೂ ಹಾಗೇ ಇದ್ದೀಯ.”

ಮೈಲೇಜ್ ಪರೀಕ್ಷೆಯಲ್ಲಿ ಕಾರಿನ ತೂಕ ಬದಲಾಗಬಾರದು. ಹಾಗಾಗಿ ಐದೂ ದಿನ ಪಕ್ಕದಲ್ಲಿ ಪತ್ರಿಕೆಯ ಫೋಟೋಗ್ರಾಫರ್. ಉದ್ದ ಕಾಲಿನ ಮನುಷ್ಯ. ಸೀಟಿನ ಹಿಂದೆ ಅವನದೇ ದೊಡ್ಡ ಬ್ಯಾಗು, ಮುಂದೆ ಗಲ್ಲಕ್ಕೆ ತಾಗುವ ಮಂಡಿ. ಅವಳು ಗೇರ್ ಬದಲಿಸುವಾಗಲೆಲ್ಲ ಕಿಟಕಿಯತ್ತ ಸರಿಯುತ್ತಿದ್ದ. ಸರಿದ ಮೇಲೆ ಒಮ್ಮೆ ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳಿಗೆ ಅದು ಮಿರರಿನಲ್ಲಿ ಕಂಡ ಲಾರಿಯಷ್ಟೇ.

“ಇವತ್ತು ಕೊನೇ ದಿನ. ನನ್ನ ಕಾಲಿಗೆ ಬಿಡುಗಡೆ,” ಅಂದ.

“ಒಳ್ಳೇದಾಯ್ತು ಬಿಡಿ.”

ಅವನ ಮುಖ ಸಪ್ಪಗಾಯಿತು. ಅವಳು ಇಂಡಿಕೇಟರ್ ಹಾಕಿ ಬಂಕಿನತ್ತ ತಿರುಗಿಸಿದಳು.

ಬಂಕಿನಲ್ಲಿ, ಮೊದಲ ದಿನದಂತೆಯೇ, ಮತ್ತೆ ಟ್ಯಾಂಕ್ ತುಂಬಿಸಿದರು. ಓಡಿದ ದೂರವನ್ನು ಹಿಡಿಸಿದ ಲೀಟರಿನಿಂದ ಭಾಗಿಸಿದರೆ ಕೆಲಸ ಮುಗಿಯಿತು. ಆ ದೂರ ಎಣಿಸುವ ಟ್ರಿಪ್ ಮೀಟರ್ ಸಾವಿರದ ನಾನೂರು ಕಿಲೋಮೀಟರ್ ತೋರಿಸಿತು. ಊರೊಳಗೆ ಐದು ದಿನಕ್ಕೆ ಅಷ್ಟೊಂದು? ಸಾಧ್ಯವೇ ಇಲ್ಲ.

“ಮೊದಲ್ನೇ ದಿನ ಸೊನ್ನೆ ಮಾಡೋದು ಮರ್ತಿದೀನಿ. ಮೀಟರ್ ಅಂಕಿನೂ ಬರ್ಕೊಂಡಿಲ್ಲ.” ಹನ್ನೊಂದು ವರ್ಷದಲ್ಲಿ ಇದೇ ಮೊದಲು.

“ಗೊತ್ತು. ನಾನು ನೋಡ್ದೆ. ಬೇಕಂತ್ಲೇ ಸುಮ್ಮನಿದ್ದೆ.”

“ಯಾಕೆ?”

“ಪರೀಕ್ಷೆ ಮೊದಲಿಂದ ಮಾಡ್ಬೇಕಾದ್ರೆ ಮತ್ತೆ ಐದು ದಿನ ಸಿಗತ್ತಲ್ಲ ಅಂತ.” ಅವನು ತನ್ನ ಮಂಡಿಗಳನ್ನೇ ನೋಡುತ್ತಿದ್ದ. “ನೀವಂದ್ರೆ ನಂಗಿಷ್ಟ.”

ಅವಳಿಗೆ ಸಿಟ್ಟು ಬಂತು. ಎರಡು ವರ್ಷದಲ್ಲಿ ಮೊದಲ ಸಲ, ಕಿವಿ ಬಿಸಿಯಾಗುವಷ್ಟು.

“ತಲೆ ಕೆಟ್ಟಿದೆಯಾ ನಿಮಗೆ? ನನ್ನ ಕೆಲಸ ಹೋಗತ್ತೆ!”

“ಹೋಗಲ್ಲ. ಅಂಕಿ ನನ್ನ ಹತ್ರ ಇದೆ.”

ಕ್ಯಾಮೆರಾ ಚಾಚಿದ. ಮೊದಲ ದಿನದ ಫೋಟೋದಲ್ಲಿ ಮೀಟರಿನ ಅಂಕಿ ಸ್ಪಷ್ಟವಾಗಿತ್ತು. ಮೀಟರಿನ ಗಾಜಿನ ಮೇಲೆ ಅವಳ ಮುಖವೂ ಬಿದ್ದಿತ್ತು. ಆ ಮುಖ ನಗುತ್ತಿತ್ತು.

“ಇದು ಯಾವಾಗ?”

“ನನ್ನ ಮಂಡಿ ತಾಗಿ ಗ್ಲವ್ ಬಾಕ್ಸ್ ತೆರ್ಕೊಂಡು ಎಲ್ಲಾ ಮೈಮೇಲೆ ಬಿತ್ತಲ್ಲ, ಆಗ. ನಕ್ರಿ. ಅದ್ಕೇ ಸೊನ್ನೆ ಮಾಡೋದು ಮರೆತ್ರಿ.”

ನಕ್ಕದ್ದು ಅವಳಿಗೆ ನೆನಪೇ ಇರಲಿಲ್ಲ. ಬಹಳ ಹೊತ್ತು ನೋಡಿದಳು.

“ಈಗಲೇ ಭಾಗಿಸ್ಬಹುದು,” ಅಂದ ಅವನು ಮೆಲ್ಲಗೆ. “ಆಮೇಲೆ ನಾನು ಬಸ್ ಹಿಡೀತೀನಿ.”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ಫಾರ್ಮ್ ತೆಗೆದು ಕೊನೆಯ ಕಾಲಂನಲ್ಲಿ ‘ಸಿಟ್ಟು ಬಂತು’ ಎಂದು ಬರೆದಳು. ಕೆಳಗೆ ಒಂದಿಷ್ಟು ಜಾಗ ಬಿಟ್ಟಳು.

“ಆ ಫೋಟೋ ಸಂಪಾದಕರಿಗೆ ತೋರಿಸ್ಬೇಡಿ,” ಅಂದಳು. “ಅಳಿಸ್ಲೂ ಬೇಡಿ.”

ಆಮೇಲೆ ಮೀಟರಿನ ಗುಂಡಿ ಒತ್ತಿ ಹಿಡಿದಳು, ಸೊನ್ನೆ ಕಾಣಿಸುವವರೆಗೆ.

“ಬ್ಯಾಗ್ ಡಿಕ್ಕಿಗೆ ಹಾಕಿ, ಸೀಟ್ ಹಿಂದಕ್ಕೆ ತಳ್ಕೊಳ್ಳಿ. ಇನ್ನೂ ಐದು ದಿನ ಇದೆ.”