ಸುಣ್ಣ ಹಾಕಿದ ಬೀಗ

ತಾನು ಕಂಡುಕೊಂಡದ್ದನ್ನು ಭಾವ ತನ್ನೆದುರೇ ತನ್ನದೆಂದು ಹೇಳಿಕೊಂಡದ್ದನ್ನು ಗೋದಾಮಿನವನು ಮರೆಯಲಿಲ್ಲ. "ಪೈರಿಗೆ ಬೇಕಾದ ರಂಜಕ ನಮ್ಮ ನೆಲದಲ್ಲಿ ಬೇಕಾದಷ್ಟಿದೆ, ಸುಣ್ಣ ಅದಕ್ಕೆ ಬೀಗ ಹಾಕಿ ಕೂತಿದೆ. ಗೊಬ್ಬರಾನ ಮೇಲೆ ಎರಚಿದ್ರೆ ಅದೂ ಸುಣ್ಣದ ಪಾಲು. ಸಾಲಲ್ಲಿ, ಬೀಜದ ಕೆಳಗೆ ಹಾಕಿ." ಹನ್ನೆರಡು ವರ್ಷ ಭಾವನ ಗೊಬ್ಬರದಂಗಡಿಯ ಚೀಲ ಹೊತ್ತು, ಹೊಲ ಹೊಲ ಅಲೆದು ಕಲಿತ ಮಾತದು. ಅಕ್ಕನ ಗಂಡ ಅದನ್ನು ರೈತರ ತುಂಬಿದ ಸಭೆಯಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ. ಆಮೇಲೆ ಹಿಂದೆ ತಿರುಗಿ, "ಏಯ್, ಎಲ್ರಿಗೂ ನೀರು ಕೊಡೋ" ಎಂದ.

ಅವನು ನೀರು ಕೊಟ್ಟ.

ಭಾವನಿಗೆ ಗೊಬ್ಬರ ಕಂಪನಿಯ ಏಜೆನ್ಸಿ ಬೇಕಿತ್ತು. ಅದಕ್ಕೆ ಅವರ ಗೊಬ್ಬರದಲ್ಲೇ ಅರ್ಧ ಎಕರೆ ಜೋಳ ಬೆಳೆದು ತೋರಿಸಬೇಕು. ಕಂಪನಿಯ ಮೊಹರಿನ ಚೀಲಗಳು ಗೋದಾಮಿಗೆ ಬಂದವು. ಸರಿ, ತೋರಿಸಲಿ, ಎಂದುಕೊಂಡ ಗೋದಾಮಿನವನು.

ಹೊಲಿಗೆ ಬಿಚ್ಚಿ, ಅಸಲಿ ಗೊಬ್ಬರವನ್ನು ಹಿತ್ತಲಿನ ಹಳೆಯ ಸುಣ್ಣದ ಗುಂಡಿಗೆ ಸುರಿದ. ಸುಣ್ಣ ನುಂಗಿದ್ದನ್ನು ಯಾರು ಕಕ್ಕಿಸುತ್ತಾರೆ? ಬೂದುಬಣ್ಣದ ಜೇಡಿಮಣ್ಣನ್ನು ಕಲಸಿ, ಜಾಲರಿಯಲ್ಲಿ ಉಜ್ಜಿ, ಅದೇ ಗಾತ್ರದ ಹರಳು ಮಾಡಿದ. ಆದರೆ ಭಾವ ಪ್ರತಿ ಚೀಲವನ್ನೂ ಮೂಸಿ ನೋಡುವ ಆಸಾಮಿ. ಬರೀ ಮಣ್ಣಿಗೆ ಆ ಘಾಟು ಎಲ್ಲಿಂದ ಬರಬೇಕು? ಮೂಲೆಯಲ್ಲಿ ದ್ರಾಕ್ಷಿ ಬೆಳೆಯುವವರು ಬೂದಿರೋಗಕ್ಕೆಂದು ತರಿಸಿ ಒಯ್ಯದೆ ಬಿಟ್ಟ ಗಂಧಕದ ಪುಡಿಯಿತ್ತು. ಅದನ್ನು ಧಾರಾಳವಾಗಿ ಬೆರೆಸಿದ. ಹಳೆಯ ತೂತುಗಳಲ್ಲೇ ಅದೇ ನೀಲಿ ದಾರ ಪೋಣಿಸಿ ಬಾಯಿ ಹೊಲಿದ. ಭಾವ ಮೂಸಿದ, ತಲೆಯಾಡಿಸಿದ. ಅಷ್ಟು ಬುದ್ಧಿಗೆ ಚಪ್ಪಾಳೆ ಬೇರೆ!

ಅವನ ಲೆಕ್ಕ ಇಷ್ಟೇ: ರಂಜಕ ಸಿಗದೆ ಎಲೆ ನೇರಳೆಗೆ ತಿರುಗಿ ಪೈರು ಮೊಣಕಾಲೆತ್ತರಕ್ಕೇ ನಿಲ್ಲುತ್ತದೆ. ಎಲ್ಲರೂ ನೆಲವನ್ನು ಬೈಯುತ್ತಾರೆ, ಭಾವನನ್ನು ನೋಡಿ ನಗುತ್ತಾರೆ. ಚೀಲವನ್ನು ಯಾರೂ ನೋಡುವುದಿಲ್ಲ. ಆ ಮುಖ ನೋಡಬೇಕೆಂದು ಅವನು ಎರಡೂವರೆ ತಿಂಗಳು ಹಲ್ಲು ಕಚ್ಚಿ ಕಾದ, ಹೊಲದ ಕಡೆ ತಲೆ ಹಾಕಲೇ ಇಲ್ಲ.

ತೋರಿಸುವ ದಿನ ಹೋಗಿ ನೋಡಿದರೆ ಜೋಳ ಆಳೆತ್ತರ ನಿಂತಿತ್ತು! ಸುತ್ತಲಿನ ಯಾವ ಹೊಲದಲ್ಲೂ ಅಂಥ ಕಡುಹಸಿರು ಇರಲಿಲ್ಲ. ಭಾವ ಮೀಸೆ ತಿರುವುತ್ತ, "ಎಲ್ಲಾ ನನ್ನ ಲೆಕ್ಕಾಚಾರ" ಎನ್ನುತ್ತಿದ್ದ. ಗೋದಾಮಿನವನ ಮೈ ಉರಿದುಹೋಯಿತು.

ಕಂಪನಿಯ ಅಧಿಕಾರಿಗೆ ಮಾತ್ರ ಅನುಮಾನ. "ನಮ್ಮ ಗೊಬ್ಬರಕ್ಕೆ ಇಷ್ಟು ಬೆಳೆ ಎಲ್ಲೂ ಬಂದಿಲ್ವಲ್ಲ" ಎಂದು ಬದುವಿನ ಮೇಲೆ ಉಳಿದಿದ್ದ ಅರ್ಧ ಚೀಲದಿಂದ ಒಂದು ಹಿಡಿ ತೆಗೆದು ನೀರಿನ ಲೋಟಕ್ಕೆ ಹಾಕಿದರು. ಮಣ್ಣು ತಳ ಸೇರಿತು, ಹಳದಿ ಪುಡಿ ಮೇಲೆ ತೇಲಿತು. "ಇದು ಗಂಧಕ. ನೆಲದೊಳಗೆ ಹುಳಿಯಾಗಿ ಸುಣ್ಣಾನೇ ಕರಗಿಸಿಬಿಡುತ್ತೆ. ಒಳಗಿದ್ದ ರಂಜಕ ಎಲ್ಲಾ ಪೈರಿಗೆ ಸಿಕ್ಕಿದೆ. ಬೆಳೆ ಏನೋ ಚೆನ್ನಾಗಿದೆ, ಆದ್ರೆ ನಮ್ಮ ಮೊಹರಿನ ಚೀಲಕ್ಕೆ ಇದನ್ನ ತುಂಬಿದ್ದು ಯಾರು?" ಭಾವ ಮೀಸೆಯಿಂದ ಕೈ ತೆಗೆದ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಗೋದಾಮಿನವನನ್ನು ಮುಂದಕ್ಕೆ ತಳ್ಳಿ, "ಇದೆಲ್ಲಾ ನಮ್ಮ ಬಾಮೈದನ ತಲೆ ಸ್ವಾಮಿ, ಗೋದಾಮಿನ ಬೀಗದ ಕೈ ಇರೋದೂ ಇವನೊಬ್ಬನ ಹತ್ರಾನೇ" ಎಂದ. ಹನ್ನೆರಡು ವರ್ಷಗಳಲ್ಲಿ ಭಾವ ಅವನ ಪಾಲನ್ನು ಅವನಿಗೇ ಬಿಟ್ಟುಕೊಟ್ಟದ್ದು ಅದೇ ಮೊದಲು.